ಗುಡ್ಡದ ಐದು ಮನೆಗೆ ಒಂದೇ ಬಾವಿ: ಪ್ರೆಷರ್ ಪಂಪೋ, ಮೇಲಿನ ಟ್ಯಾಂಕೋ?

ತೀರ್ಥಹಳ್ಳಿ ಕಡೆ ಒಂದೇ ಗುಡ್ಡದ ಇಳಿಜಾರಿನಲ್ಲಿ ನಮ್ಮ ಐದು ಮನೆಗಳಿವೆ. ಬಾವಿ ಕೆಳಗೆ, ಅಡಿಕೆ ತೋಟದ ಅಂಚಿನಲ್ಲಿ. ಮೇಸ್ತ್ರಿಯ ಲೆವೆಲ್ ಟ್ಯೂಬ್ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪ್) ಹಿಡಿದು ಹಂತ ಹಂತವಾಗಿ ಅಳೆದೆವು. ಬಾವಿಯ ನೀರಿನಿಂದ ಕೆಳಗಿನ ಮನೆ 10 ಮೀಟರ್ ಎತ್ತರ, ತುದಿಯ ಮನೆ 38 ಮೀಟರ್.

ಮೊದಲು ಹಾಕಿದ್ದು ಪ್ರೆಷರ್ ಪಂಪು. ನಲ್ಲಿ ತಿರುಗಿಸಿದರೆ ಮೋಟರ್ ತಾನೇ ಶುರುವಾಗುತ್ತದೆ. ಟ್ಯಾಂಕ್ ಬೇಡ, ಜಾಗ ಬೇಡ. ಸಮತಟ್ಟು ಜಾಗದಲ್ಲಿ ಇದು ಒಳ್ಳೆಯದೇ. ಗುಡ್ಡದಲ್ಲಿ ಲೆಕ್ಕ ಬೇರೆ. 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ (ಚದರ ಸೆಂಟಿಮೀಟರಿಗೆ) ಪ್ರೆಷರ್ ಹೋಗುತ್ತದೆ. ತುದಿಯ ಮನೆಗೆ ಒಂದೂವರೆ ಕೆಜಿ ಸಿಗಬೇಕಾದರೆ ಪಂಪಿನ ಹತ್ತಿರ 5.3 ಕೆಜಿ ಬೇಕು. ಆಗ ಕೆಳಗಿನ ಮನೆಯ ನಲ್ಲಿಗೆ 4.3 ಕೆಜಿ! ಅಲ್ಲಿ ತಿಂಗಳಿಗೊಂದು ವಾಷರ್ ಹೋಗುತ್ತಿತ್ತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕಿದರೂ ರಾತ್ರಿಯಿಡೀ ಮೋಟರ್ ಆನ್, ಆಫ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಐದೂ ಮನೆಗೆ ಒಟ್ಟಿಗೇ ನೀರು ಬಂದ್.

ಆಮೇಲೆ ಟ್ಯಾಂಕಿಗೆ ಬಂದೆವು. ಬಾವಿಯ ನೀರಿನಿಂದ 46 ಮೀಟರ್ ಎತ್ತರದಲ್ಲಿ, ತುದಿಯ ಮನೆಗಿಂತ ಮೇಲೆ, 5000 ಲೀಟರಿನದು ಇಟ್ಟೆವು. ತುಂಬಿದಾಗ ನೀರೇ ಐದು ಟನ್, ಹಾಗಾಗಿ ಮಣ್ಣು ತುಂಬಿದ ಜಾಗ ಬಿಟ್ಟು ಕಡಿದ ಗಟ್ಟಿ ನೆಲವನ್ನೇ ಆರಿಸಿದೆವು. ನಾವು 22 ಜನ. ತಲೆಗೆ 135 ಲೀಟರ್ ಹಿಡಿದರೂ ದಿನಕ್ಕೆ ಮೂರು ಸಾವಿರ ಲೀಟರ್ ಸಾಕು. ಅಷ್ಟನ್ನು ಮೇಲೇರಿಸಲು ಕರೆಂಟ್ ಸರಿಸುಮಾರು ಒಂದು ಯೂನಿಟ್. ಒಂದು ದಿನ ಕರೆಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಏಪ್ರಿಲ್‌ನಲ್ಲಿ ಬಾವಿ ಇಳಿದಾಗ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಎತ್ತಿದರೆ ನಡುವೆ ಒರತೆಗೆ ಪುರುಸೊತ್ತು ಸಿಗುತ್ತದೆ. ನನ್ನ ಮಟ್ಟಿಗೆ ಪ್ರಶ್ನೆ ಇಲ್ಲಿಗೇ ಮುಗಿಯಿತು: ಗುಡ್ಡಕ್ಕೆ ಟ್ಯಾಂಕೇ ಸರಿ.

ಆದರೆ ಪೈಪಿನಲ್ಲಿ ತಪ್ಪಿದೆವು. ಖರ್ಚು ಉಳಿಸಲು ಒಂದೇ ಒಂದಿಂಚಿನ ಲೈನ್ ಎಳೆದು, ದಾರಿಯಲ್ಲಿ ಪ್ರತಿ ಮನೆಗೂ ಟೀ (ಕವಲು ತೆಗೆಯುವ T ಆಕಾರದ ಜೋಡಣೆ) ಹಾಕಿದೆವು. ಒಂದು ಬೆಳಿಗ್ಗೆ ತುದಿಯ ಮನೆಯ ಬಚ್ಚಲಲ್ಲಿ ನಿಂತು ನೋಡಿದೆ. ಅಜ್ಜಿ ಹಂಡೆಗೆ ನೀರು ಬಿಟ್ಟಿದ್ದರು. ಕೆಳಗಿನ ಮನೆಯವರು ನಲ್ಲಿ ತಿರುಗಿಸಿದ್ದೇ ತಡ, ಧಾರೆ ನೂಲಿನಂತಾಗಿ ನಿಂತೇಹೋಯಿತು. ನಲ್ಲಿಯ ಬಾಯಿಗೆ ಬೆರಳಿಟ್ಟರೆ ಅದು ಗಾಳಿಯನ್ನು ಒಳಗೆ ಎಳೆಯುತ್ತಿತ್ತು. ಅದು ಬರೀ ತೊಂದರೆಯಲ್ಲ, ಅಪಾಯ. ಅದೇ ನಲ್ಲಿಯ ಪೈಪ್ ಕೊಟ್ಟಿಗೆಯ ಬಾನಿಯಲ್ಲಿ ಮುಳುಗಿದ್ದರೆ ಆ ನೀರು ಕುಡಿಯುವ ಲೈನಿಗೇ ಸೇರುತ್ತಿತ್ತು, ಅಲ್ವಾ?

ಈಗ ಟ್ಯಾಂಕಿನಿಂದಲೇ ಎರಡು ಲೈನ್ ಹೊರಟಿವೆ. ಮೇಲಿನ ಎರಡು ಮನೆಗೆ ಒಂದೂಕಾಲು ಇಂಚಿನದು. ಅಲ್ಲಿ ಪ್ರೆಷರ್ ಮೊದಲೇ ಕಡಿಮೆ, ಪೈಪ್ ಸಣ್ಣದಾದರೆ ಇದ್ದದ್ದೂ ಹೋಗುತ್ತದೆ. ಕೆಳಗಿನ ಮೂರು ಮನೆಯ ಲೈನಿನ ನಡುವೆ ಫ್ಲೋಟ್ ವಾಲ್ವ್ (ತುಂಬಿದಾಗ ತಾನೇ ನೀರು ನಿಲ್ಲಿಸುವ ತೇಲು ಗುಂಡಿನ ವಾಲ್ವ್) ಹಾಕಿದ 500 ಲೀಟರಿನ ಸಣ್ಣ ಟ್ಯಾಂಕ್ ಇದೆ. ಪ್ರೆಷರ್ ಅಲ್ಲೇ ಮುರಿಯುತ್ತದೆ, ವಾಷರ್ ಉಳಿಯುತ್ತದೆ.

ಇನ್ನೊಂದು ಕೆಲಸ ಮಾಡಿದೆವು, ನನಗೆ ತುಂಬ ಸಮಾಧಾನ ಕೊಟ್ಟದ್ದು ಅದೇ. ಕೆಳಗಿನ ಮನೆಗಳ ಲೈನನ್ನು ಮೇಲಿನ ದೊಡ್ಡ ಟ್ಯಾಂಕಿನ ತಳದಿಂದ ಒಂದು ಗೇಣು ಮೇಲೆ ತೆಗೆದೆವು. ನೀರು ತಳ ಹಿಡಿದಾಗ ಕೊನೆಯ ಪಾಲು ತುದಿಯ ಮನೆಯ ಅಜ್ಜಿಗೆ. ಕೆಳಗಿನವರಿಗೆ ಬಾವಿ ಹತ್ತಿರ. ಹಗ್ಗ, ಕೊಡಪಾನ ಇನ್ನೂ ರಾಟೆಯ ಪಕ್ಕದಲ್ಲೇ ಇವೆ.