ಫೀಲ್ಡ್ ಟ್ರೇನಿಂಗ್‌ಗೆ 35 ಸಾವಿರ ಕಟ್ಟುವ ಮುಂಚೆ ಇದನ್ನ ಓದಿ

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಎಲ್ಲಿ ಅರ್ಜಿ ಹಾಕಿದರೂ ಮೊದಲ ಪ್ರಶ್ನೆ ಒಂದೇ: "ಫೀಲ್ಡ್ ಅನುಭವ ಎಷ್ಟು?" ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಹೇಳಿ. ಆ ಚಿಂತೆಯಲ್ಲಿದ್ದಾಗಲೇ ವಾಟ್ಸಾಪ್‌ಗೆ ಬೆಳಗಾವಿಯ ಒಂದು ಸಂಸ್ಥೆಯ ಪೋಸ್ಟರ್ ಬಂತು. 3 ತಿಂಗಳು ಫೀಲ್ಡ್ ಟ್ರೇನಿಂಗ್, ಸರ್ಟಿಫಿಕೇಟ್, ಆಮೇಲೆ ಕೆಲಸ. ಫೀಸು 35 ಸಾವಿರ. ಕಬ್ಬಿನ ಬಿಲ್ ಬಂದಿತ್ತು, ಅಪ್ಪ ಕಟ್ಟಿದರು.

ಎರಡು ದಿನ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸಿದರು. ಮೂರನೇ ದಿನ ಕೈಗೆ ಫಾರ್ಮು, ಡಿಜಿಟಲ್ ಬಿಪಿ ಮಷೀನು ಕೊಟ್ಟು ರಾಯಬಾಗ ಕಡೆಯ ಹಳ್ಳಿಗೆ ಕಳಿಸಿದರು. ದಿನಕ್ಕೆ 40 ಮನೆ ಮುಗಿಸಬೇಕು. ಒಂದು ಮನೆಗೆ 20 ನಿಮಿಷ ಅಂದರೂ 13 ತಾಸು ಮೀರುತ್ತದೆ, ಅಲ್ವಾ? ಅದೂ ಕಬ್ಬು ಕಡಿಯುವ ಸೀಸನ್, ಹಗಲು ಬಹಳಷ್ಟು ಮನೆಗೆ ಬೀಗ. ಸೂಪರ್‌ವೈಸರ್ ಸಿಗುತ್ತಿದ್ದದ್ದು ಫೋನಿನಲ್ಲಿ ಮಾತ್ರ. ಕೇಳಿದರೆ, "ಕೀಲಿ ಹಾಕಿದ್ರ ಏನಾತ್ರಿ ಮೇಡಮ್, ಬಾಜೂ ಮನೀದು ನೋಡ್ಕೊಂಡು ತುಂಬ್ರಿ" ಅಂದರು. ಮೂರು ತಿಂಗಳಲ್ಲಿ ಅವರು ಹೇಳಿಕೊಟ್ಟ ವಿದ್ಯೆ ಇದೇ.

ಜೊತೆಗಿದ್ದವರ ಫಾರ್ಮು ನೋಡಿದೆ. ಸಾಲಾಗಿ 120/80, 130/80, 120/80. ಡಿಜಿಟಲ್ ಮಷೀನು 127 ತೋರಿಸುತ್ತದೆ, 134 ತೋರಿಸುತ್ತದೆ. ಎಲ್ಲರಿಗೂ ಕೊನೆಯ ಅಂಕಿ ಸೊನ್ನೆಯೇ ಬಂತು ಅಂದರೆ ಅಳೆದೇ ಇಲ್ಲ. ಅವರನ್ನೂ ಬೈಯಲು ಮನಸ್ಸಾಗಲಿಲ್ಲ, 40ರ ಲೆಕ್ಕ ಅವರಿಗೂ ಇತ್ತು.

ಒಬ್ಬ ಅಜ್ಜಿಗೆ 186/104 ಬಂತು. ಐದು ನಿಮಿಷ ಕೂರಿಸಿ ಮತ್ತೆ ನೋಡಿದೆ, ಹೆಚ್ಚು ಕಡಿಮೆ ಅಷ್ಟೇ. ಇವರನ್ನು ಎಲ್ಲಿಗೆ ಕಳಿಸಬೇಕು ಅಂತ ಫಾರ್ಮಿನಲ್ಲಿ ಕಾಲಮ್ಮೇ ಇಲ್ಲ. ಊರಿನ ಆಶಾ ಅಕ್ಕನನ್ನು ಹುಡುಕಿಕೊಂಡು ಹೋದೆ. ಅವರೇ ಅಜ್ಜಿಯನ್ನು ಪಿಎಚ್‌ಸಿಗೆ ಕರೆದುಕೊಂಡು ಹೋದರು. ಹೋಗುವಾಗ ಕೇಳಿದರು, "ಯಾವ ಸರ್ವೇರಿ ಇದು? ನಮಗ್ಯಾರೂ ಹೇಳೇ ಇಲ್ಲಲಾ." ಆಮೇಲೆ ಗೊತ್ತಾಯಿತು, ತಾಲೂಕು ಆರೋಗ್ಯಾಧಿಕಾರಿಗೆ ಒಂದು ಪತ್ರವನ್ನೂ ಕೊಟ್ಟಿರಲಿಲ್ಲ.

ಫಾರ್ಮಿನಲ್ಲಿ ಆಧಾರ್ ಮತ್ತು ಮೊಬೈಲ್ ನಂಬರ್ ಕೂಡ ಬರೆಸಿದ್ದರು. ಬಿಪಿ ಸರ್ವೇಗೆ ಆಧಾರ್ ಯಾಕೆ? ನಾನು ಆಗ ಕೇಳಲಿಲ್ಲ. ಎರಡು ವಾರದ ಮೇಲೆ ಅಜ್ಜಿಯ ಮಗ ಫೋನ್ ಮಾಡಿದರು. ಹೆಲ್ತ್ ಇನ್ಶೂರೆನ್ಸ್‌ನವರು ದಿನಾ ಕಾಡುತ್ತಿದ್ದರಂತೆ, ಅಜ್ಜಿಯ ಬಿಪಿ ಕೂಡ ಅವರಿಗೆ ಗೊತ್ತಿತ್ತಂತೆ. "ನಿಮ್ಮನ್ನ ನಂಬಿ ಕೊಟ್ಟಿದ್ವಿರಿ ತಂಗಿ" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ.

ಸರ್ಟಿಫಿಕೇಟ್ ಏನೋ ಸಿಕ್ಕಿತು, ಬಣ್ಣದ್ದು. ಇಂಟರ್‌ವ್ಯೂನಲ್ಲಿ "ಲೈನ್ ಲಿಸ್ಟ್ ಮಾಡಿದ್ದೀರಾ? ಯಾರ ಕೈಕೆಳಗೆ? ರಿಪೋರ್ಟ್ ಎಲ್ಲಿ?" ಅಂದರು. (ಲೈನ್ ಲಿಸ್ಟ್ ಅಂದರೆ ಒಬ್ಬೊಬ್ಬ ರೋಗಿಯ ವಿವರ ಒಂದೊಂದು ಸಾಲಿನಲ್ಲಿ ಬರೆದ ಪಟ್ಟಿ.) ಇವುಗಳಲ್ಲಿ ಒಂದೂ ನನ್ನ ಬಳಿ ಇರಲಿಲ್ಲ.

ಹಾಗಾಗಿ ದುಡ್ಡು ಕೊಡುವ ಮುಂಚೆ ಕೇಳಿ: ಫೀಲ್ಡಿನಲ್ಲಿ ನನ್ನ ಪಕ್ಕ ಯಾರು ನಿಲ್ಲುತ್ತಾರೆ, ನನ್ನ ಫಾರ್ಮು ಯಾರು ತಿದ್ದುತ್ತಾರೆ, ಪರವಾನಗಿ ಪತ್ರ ಎಲ್ಲಿದೆ. ತಡವರಿಸಿದರೆ ಎದ್ದು ಬನ್ನಿ. ಪ್ರತಿ ಜಿಲ್ಲೆಯಲ್ಲೂ ರೋಗಗಳ ಮೇಲೆ ಕಣ್ಣಿಡುವ ಸರ್ಕಾರಿ ಜಿಲ್ಲಾ ಸರ್ವೇಕ್ಷಣಾ ಘಟಕ ಇದೆ. ಮೆಡಿಕಲ್ ಕಾಲೇಜಿನ ಕಮ್ಯುನಿಟಿ ಮೆಡಿಸಿನ್ ವಿಭಾಗಕ್ಕೆ ತನ್ನದೇ ಗ್ರಾಮೀಣ ತರಬೇತಿ ಕೇಂದ್ರ ಇರುತ್ತದೆ. ಕಾಲೇಜಿನಿಂದ ಪತ್ರ ತಗೊಂಡು ಹೋಗಿ ಕೇಳಿ. ನನ್ನ ಜೂನಿಯರ್ ಒಬ್ಬಳು ಬಾಗಲಕೋಟೆಯಲ್ಲಿ ಹೀಗೇ ಸೇರಿ, ಡೆಂಗಿ ಲಾರ್ವಾ ಸರ್ವೇಗೆ ಮನೆಮನೆಯ ಡ್ರಮ್ಮು, ತೊಟ್ಟಿ ಬಗ್ಗಿ ನೋಡುತ್ತಿದ್ದಾಳೆ. ಫೀಸು ಇಲ್ಲ. ತಪ್ಪು ಬರೆದರೆ ಅದೇ ಮನೆಗೆ ವಾಪಸ್ ಓಡಿಸುತ್ತಾರಂತೆ.

ನನ್ನ 35 ಸಾವಿರದಲ್ಲಿ ಇದುವರೆಗೆ 4 ಸಾವಿರ ವಾಪಸ್ ಬಂದಿದೆ. ಉಳಿದದ್ದು "ಮುಂದಿನ ವಾರ" ಅಂತೆ.