ಪೋಸ್ಟ್‌ಗ್ರೆಸ್ ಕೈಪಿಡಿಯ ಮೆಮೊರಿ ವಿಭಾಗ: ಸಂಖ್ಯೆ ಎದುರಿಗಿದೆ, ಅಳತೆಯನ್ನು ಹುಡುಕಬೇಕು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಭಾಗದ ಸಣ್ಣ ಸಾಫ್ಟ್‌ವೇರ್ ಕಚೇರಿಗಳಲ್ಲಿ ಡೇಟಾಬೇಸಿಗೆಂದೇ ಪ್ರತ್ಯೇಕ ನಿರ್ವಾಹಕರಿರುವುದು ಅಪರೂಪ. ಪ್ರೋಗ್ರಾಂ ಬರೆಯುವವರೇ ಕೈಪಿಡಿ ತೆರೆದು ಸರ್ವರಿನ ಮೆಮೊರಿಯನ್ನೂ ಹೊಂದಿಸಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್ ತಂತ್ರಾಂಶದ ಅಧಿಕೃತ ಕೈಪಿಡಿಯನ್ನು ಅಂಥವರ ಕಣ್ಣಿನಿಂದ ನೋಡಿದರೆ, ಮಾಹಿತಿಯಲ್ಲಿ ದೋಷವಿಲ್ಲ, ಅದನ್ನು ಇಟ್ಟಿರುವ ಜಾಗದಲ್ಲಿ ದೋಷವಿದೆ.

ಡೇಟಾವನ್ನು ಇಟ್ಟುಕೊಳ್ಳಲು ಡೇಟಾಬೇಸಿಗೆ ಎಷ್ಟು ಹಂಚಿಕೆಯ ಮೆಮೊರಿ ಎಂದು ನಿಗದಿಪಡಿಸುವ ಶೇರ್ಡ್ ಬಫರ್ಸ್ ಎಂಬ ಸೆಟ್ಟಿಂಗನ್ನೇ ತೆಗೆದುಕೊಳ್ಳೋಣ. ಡೇಟಾಬೇಸಿಗೇ ಮೀಸಲಾದ ಸರ್ವರಿನಲ್ಲಿ ಒಟ್ಟು ಮೆಮೊರಿಯ ಶೇಕಡಾ 25ರಿಂದ ಆರಂಭಿಸಬಹುದೆಂದು ಕೈಪಿಡಿ ಹೇಳುತ್ತದೆ. 8 ಜಿಬಿ ಇದ್ದಲ್ಲಿ ಅದು 2 ಜಿಬಿ. ಮೆಗಾಬೈಟ್ ಎಂದು ಭಾವಿಸಿ ಯಾರಾದರೂ ಬರಿಯ 2048 ಎಂದು ಬರೆದರೆ, ಪೋಸ್ಟ್‌ಗ್ರೆಸ್ ಅದನ್ನು ತಲಾ 8 ಕೆಬಿಯ ಬ್ಲಾಕುಗಳೆಂದು ಎಣಿಸಿ, 16 ಎಂಬಿ ಮಾತ್ರ ಪಡೆದು, ಯಾವ ತಕರಾರೂ ಇಲ್ಲದೆ ಆರಂಭವಾಗುತ್ತದೆ. ಅದೇ 2048, ವಿಂಗಡಣೆಯಂಥ ಕೆಲಸಗಳಿಗೆ ಮೆಮೊರಿ ನಿಗದಿಪಡಿಸುವ ವರ್ಕ್ ಮೆಮ್‌ನಲ್ಲಿದ್ದರೆ ಕಿಲೋಬೈಟ್, ಅಂದರೆ 2 ಎಂಬಿ. ಆಲೆಮನೆಯಲ್ಲಿ ಕಬ್ಬಿಗೆ ಟನ್, ಬೆಲ್ಲಕ್ಕೆ ಅಚ್ಚು ಎಂಬುದು ಮಂಡ್ಯದವರಿಗೆ ಗೊತ್ತು. ಇಲ್ಲಿ ಯಾವುದಕ್ಕೆ ಯಾವ ಅಳತೆ ಎಂಬುದು ಆಯಾ ವಿವರಣೆಯ ನಡುವಿನ ಒಂದು ವಾಕ್ಯದಲ್ಲಿ ಅಡಗಿದೆ. ಪ್ರತಿ ಸೆಟ್ಟಿಂಗಿನ ಹೆಸರಿನ ಪಕ್ಕದಲ್ಲೇ ಅದನ್ನು ಮುದ್ರಿಸಿದ್ದರೆ ಸಾಕಿತ್ತು.

ಸಂಖ್ಯೆಯ ಜೊತೆಗೇ ಅಳತೆಯನ್ನು ಬರೆಯುವ ಸೌಲಭ್ಯ 2006ರ 8.2ನೇ ಆವೃತ್ತಿಯಿಂದ ಇದೆ. ಇಲ್ಲಿ ಒಂದು ಅಳತೆಯಿಂದ ಮುಂದಿನದಕ್ಕೆ ಗುಣಕ 1024, ಸಾವಿರವಲ್ಲ. ಕಿಲೋಬೈಟಿನ ಇಂಗ್ಲಿಷ್ ‘ಕೆ’ ಚಿಕ್ಕಕ್ಷರವೇ ಆಗಿರಬೇಕು. ಈ ನಿಯಮಗಳೆಲ್ಲ ಸ್ಪಷ್ಟವಾಗಿಯೇ ಇವೆ, ಆದರೆ ಅದೇ ಅಧ್ಯಾಯದ ಮೊದಲ ವಿಭಾಗದಲ್ಲಿ. ಹುಡುಕಾಟದಿಂದ ನೇರವಾಗಿ ಮೆಮೊರಿ ವಿಭಾಗಕ್ಕೆ ಬಂದವರು ಅದನ್ನು ನೋಡುವುದೇ ಇಲ್ಲ.

ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ವಿಧಿಸುವ ಮಿತಿಗಳ ಪಟ್ಟಿ ಇನ್ನೂ ತೊಡಕಿನದು. ಹಂಚಿಕೆಯ ಮೆಮೊರಿಯ ಒಂದು ಭಾಗದ ಗರಿಷ್ಠ ಗಾತ್ರವಾದ ಎಸ್‌ಎಚ್‌ಎಂಮ್ಯಾಕ್ಸ್‌ಗೆ ಬೈಟ್ ಎಂದು ಖಚಿತವಾಗಿ ಹೇಳುವ ಪಟ್ಟಿ, ಅದರ ಒಟ್ಟು ಮಿತಿಯಾದ ಎಸ್‌ಎಚ್‌ಎಂಆಲ್‌ಗೆ ‘ಬೈಟ್ ಅಥವಾ ಪುಟ’ (ಪುಟವೆಂದರೆ ಮೆಮೊರಿಯ ನಿಗದಿತ ಗಾತ್ರದ ತುಂಡು) ಎನ್ನುತ್ತದೆ. ವ್ಯವಸ್ಥೆಯಿಂದ ವ್ಯವಸ್ಥೆಗೆ ಬದಲಾಗುವುದರಿಂದ ಈ ಮಾತು ತಪ್ಪಲ್ಲ. ಆದರೂ ಲಿನಕ್ಸಿನಲ್ಲಿ ಅದು ಪುಟಗಳ ಲೆಕ್ಕವೆಂದು ಅಲ್ಲೇ ಹೇಳಬಹುದಿತ್ತು. 2013ರ 9.3ನೇ ಆವೃತ್ತಿಯಿಂದ ಹಂಚಿಕೆಯ ಮೆಮೊರಿಯ ಬಹುಭಾಗ ಬೇರೆ ವಿಧಾನದಲ್ಲಿ ದೊರೆಯುವುದರಿಂದ ಈ ಮಿತಿಗಳನ್ನು ಮುಟ್ಟುವ ಪ್ರಸಂಗ ಕಡಿಮೆ ಎಂಬುದೇ ಸಮಾಧಾನ.

ಹೊಸಬರು ಮೊದಲ ವಿಭಾಗವನ್ನು ಓದಿಯೇ ಮುಂದುವರಿಯುವುದು ಕ್ಷೇಮ. ಶೇರ್ಡ್ ಬಫರ್ಸ್ ಬದಲಿಸಿದ ಮೇಲೆ ಸರ್ವರನ್ನು ಮತ್ತೆ ಆರಂಭಿಸಿ ಈಗಿನ ಮೌಲ್ಯ ತೋರಿಸುವ ‘ಶೋ’ ಆದೇಶ ಕೊಟ್ಟರೆ, ಉತ್ತರ ಅಳತೆಯ ಸಮೇತ ಬರುತ್ತದೆ.