ಮಗುವಿನ ಜೀವನಾಂಶಕ್ಕೆ ‘ಶೇ 25ರ ಲೆಕ್ಕ’ ಹೇಳುವವರನ್ನು ನಂಬಿ ಸಹಿ ಹಾಕಬೇಡಿ

ಗಂಡನಿಂದ ಬೇರೆಯಾಗಿ ಮಗುವನ್ನು ಸಾಕುತ್ತಿರುವ ತಾಯಂದಿರು ಮತ್ತು ಅವರ ತವರಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ಕೋರ್ಟಿಗೆ ಅಲೆಯದೆ ಕುಟುಂಬದ ವ್ಯಾಜ್ಯ ಬಗೆಹರಿಸಿ ಕೊಡುತ್ತೇವೆ’ ಎಂದು ಫಲಕ ಹಾಕಿಕೊಂಡಿರುವ ಮೈಸೂರಿನ ಒಂದು ಸಲಹಾ ಸಂಸ್ಥೆಯಿಂದ ನನ್ನ ತಂಗಿಗೂ ಅವಳ ಏಳು ವರ್ಷದ ಮಗನಿಗೂ ಆದ ಅನ್ಯಾಯ ಇನ್ನೊಂದು ಮನೆಯಲ್ಲಿ ಆಗಬಾರದು.

15,000 ರೂಪಾಯಿ ಶುಲ್ಕ ಪಡೆದು ಅವರು ಕೊಟ್ಟದ್ದು ಒಂದು ಹಾಳೆ. ಮೇಲೆ ದಪ್ಪಕ್ಷರದಲ್ಲಿ ‘ಕಾನೂನಿನ ಪ್ರಕಾರ ಅಂದಾಜು’ ಎಂದಿತ್ತು. ತಂದೆಯ ಸಂಬಳ 82,000. ಅದರಲ್ಲಿ ತೆರಿಗೆ, ಭವಿಷ್ಯನಿಧಿ, ಕಾರಿನ ಸಾಲದ ಕಂತು, ಸೊಸೈಟಿ ಸಾಲ, ವಿಮೆ, ಕೊನೆಗೆ ಚೀಟಿಯ ಕಂತನ್ನೂ ಕಳೆದು 41,000ಕ್ಕೆ ಇಳಿಸಿದ್ದರು. ಅದರ ಶೇ 25 ಎಂದರೆ 10,250. ತಾಯಿಗೂ ಕೆಲಸವಿದೆ, ಆದ್ದರಿಂದ ಅರ್ಧ. ಮಗುವಿಗೆ ತಿಂಗಳಿಗೆ 5,125 ರೂಪಾಯಿ. “ಇದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಯಾವ ನ್ಯಾಯಾಧೀಶರೂ ಬರೆಯುವುದಿಲ್ಲ ಮೇಡಂ, ಸಿಕ್ಕಷ್ಟು ತೆಗೆದುಕೊಳ್ಳಿ” ಎಂದರು. ಹುಡುಗನ ಶಾಲೆಯ ಶುಲ್ಕವೇ ವರ್ಷಕ್ಕೆ 60,000. ತಿಂಗಳಿಗೆ ಹಂಚಿದರೆ 5,000. ಉಳಿಯುವ 125 ರೂಪಾಯಿಯಲ್ಲಿ ಊಟ, ಬಟ್ಟೆ, ಮನೆ ಬಾಡಿಗೆ, ಔಷಧ ಎಲ್ಲವೂ ಆಗಬೇಕು. ಅವನಿಗೆ ಉಬ್ಬಸವಿದೆ, ಆ ದುಡ್ಡು ಒಂದು ಇನ್‌ಹೇಲರ್‌ಗೂ ಸಾಲದು.

ಆ ಹಾಳೆಯ ಒಂದೊಂದು ಸಾಲೂ ದಾರಿ ತಪ್ಪಿಸುವಂಥದ್ದು. ಮಗುವಿನ ಜೀವನಾಂಶಕ್ಕೆ ಇಂತಿಷ್ಟೇ ಶೇಕಡಾ ಎಂಬ ಸೂತ್ರ ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2017ರ ಒಂದು ಪ್ರಕರಣದಲ್ಲಿ ಪತಿಯ ನಿವ್ವಳ ಸಂಬಳದ ಶೇ 25ರಷ್ಟನ್ನು ಪತ್ನಿಗೆ ಕೊಡುವುದು ನ್ಯಾಯವಾದೀತು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಪತ್ನಿಯ ವಿಷಯದಲ್ಲಿ ಹೇಳಿದ ಆ ಮಾತನ್ನೇ ಮಕ್ಕಳಿಗೂ ಗರಿಷ್ಠ ಮಿತಿ ಎಂಬಂತೆ ಇವರು ಮಾರುತ್ತಿದ್ದಾರೆ. 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬಯಲು ಮಾಡಲೇಬೇಕು ಎಂದಿದೆ. ಮಗುವಿನ ಊಟ, ವಸತಿ, ಬಟ್ಟೆ, ಚಿಕಿತ್ಸೆ, ಓದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಓದಿನ ಖರ್ಚನ್ನು ಸಾಮಾನ್ಯವಾಗಿ ತಂದೆಯೇ ಹೊರಬೇಕು. ತಾಯಿಗೆ ಸಾಕಷ್ಟು ಆದಾಯವಿದ್ದರೆ ಅದಕ್ಕೆ ಅನುಗುಣವಾಗಿ ಹಂಚಬಹುದು. ನನ್ನ ತಂಗಿಯ ಸಂಬಳ 18,000. 82 ಸಾವಿರದವನಿಗೂ 18 ಸಾವಿರದವಳಿಗೂ ಸಮಪಾಲು ಹಾಕಿದ್ದು ಯಾವ ಲೆಕ್ಕ? ಕಾರಿನ ಸಾಲ, ಚೀಟಿಯಂಥ ತಾವಾಗಿಯೇ ಮೈಮೇಲೆ ಹಾಕಿಕೊಂಡ ಕಂತುಗಳನ್ನು ತೋರಿಸಿ ಮಗುವಿನ ಪಾಲು ತಗ್ಗಿಸುವುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಛಾಪಾ ಕಾಗದದ ಮೇಲೆ ಬರೆಸಿದ ಒಪ್ಪಂದದಿಂದ. ಬಾಡಿಗೆ ಕಟ್ಟಲು ಕೈಯಲ್ಲಿ ಕಾಸಿಲ್ಲದಾಗ ಅವಸರಪಡಿಸಿ, ನೋಟರಿ ಮುದ್ರೆ ಒತ್ತಿಸಿ, ಅವಳಿಂದ ಸಹಿ ಹಾಕಿಸಿಕೊಂಡರು. ಕೆಲವು ತಿಂಗಳು ಹಣ ಬಂತು, ಆಮೇಲೆ ನಿಂತಿತು. ಸಂಸ್ಥೆಯಲ್ಲಿ ಕೇಳಿದರೆ, ಒಪ್ಪಂದ ಮಾಡಿಸುವವರೆಗೆ ಮಾತ್ರ ನಮ್ಮ ಕೆಲಸ ಎಂದರು. ನ್ಯಾಯಾಲಯದ ಆದೇಶವಾಗಿದ್ದರೆ ಬಾಕಿಗಾಗಿ ವಾರಂಟ್ ಕೇಳಬಹುದಿತ್ತು. ಖಾಸಗಿಯಾಗಿ ಬರೆದುಕೊಂಡ ಕಾಗದಕ್ಕೆ ಆ ಬಲವಿಲ್ಲ. ಜೀವನಾಂಶ ಸಿಗುವುದು ಅರ್ಜಿ ಹಾಕಿದ ದಿನದಿಂದ. ಹಾಗಾಗಿ ಆ ಕಾಗದ ನಂಬಿ ಕಾದ ತಿಂಗಳುಗಳ ಹಣ ಹುಡುಗನ ಕೈತಪ್ಪಿತು. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೇ.

ಕೊನೆಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದೆವು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಅಲ್ಲಿನ ವಕೀಲೆ ಆ ಒಪ್ಪಂದ ಓದುತ್ತ, ‘ಮುಂದೆ ಮಗುವಿಗಾಗಿ ಏನನ್ನೂ ಕೇಳುವುದಿಲ್ಲ’ ಎಂಬ ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದರು. “ನೋಡಮ್ಮಾ, ಇದು ನಿನ್ನ ಹಕ್ಕಲ್ಲ, ಮಗುವಿನದು. ಅದನ್ನು ಬಿಟ್ಟುಕೊಡಲು ನಿನಗೂ ಅಧಿಕಾರವಿಲ್ಲ” ಎಂದರು. ಆಮೇಲೆ ಸಂಬಳದ ಮಾತೇ ಎತ್ತದೆ ಹುಡುಗನ ಖರ್ಚಿನಿಂದ ಲೆಕ್ಕ ಶುರುಮಾಡಿದರು: ಶುಲ್ಕದ ರಸೀದಿ, ಶಾಲಾ ವ್ಯಾನ್, ಪುಸ್ತಕ, ಸಮವಸ್ತ್ರ, ಔಷಧದ ಬಿಲ್ಲು, ಹಾಲು, ದಿನಸಿ, ಬಾಡಿಗೆಯಲ್ಲಿ ಅವನ ಪಾಲು. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿದರು. ಒಟ್ಟು ತಿಂಗಳಿಗೆ 19,000 ಆಯಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125) ಅರ್ಜಿ ಹಾಕಿದೆವು. ಪ್ರಮಾಣಪತ್ರದಲ್ಲಿ ಪೂರ್ತಿ ಸಂಬಳ ಹೊರಬಿತ್ತು. ಮಧ್ಯಂತರ ಆದೇಶ 14,000ಕ್ಕೆ ಆಗಿದೆ. ಮುಖ್ಯ ಅರ್ಜಿಯ ವಿಚಾರಣೆ ಇನ್ನೂ ನಡೆಯುತ್ತಿದೆ.

ಈ ಸ್ಥಿತಿಯಲ್ಲಿರುವವರು ಇವತ್ತಿನಿಂದಲೇ ಮಗುವಿನ ಹೆಸರಿನ ಪ್ರತಿ ರಸೀದಿಯನ್ನೂ ಎತ್ತಿಡಿ. ರಾಜಿಯಾಗುವುದಾದರೆ ಆಗಲಿ, ಆದರೆ ಅದು ನ್ಯಾಯಾಲಯದ ಆದೇಶದಲ್ಲಿ ದಾಖಲಾಗಲಿ. ಶಾಲಾ ಶುಲ್ಕ, ಚಿಕಿತ್ಸೆ, ವರ್ಷವರ್ಷದ ಏರಿಕೆ ಬೇರೆ ಬೇರೆಯಾಗಿ ಬರೆಸಿ. ಖರ್ಚು ಹೆಚ್ಚಿದಾಗ ಮೊತ್ತ ಬದಲಿಸಿಕೊಡಿ ಎಂದು ಅದೇ ಸುರಕ್ಷಾ ಸಂಹಿತೆಯ 146ನೇ ಕಲಮಿನಡಿ ಕೇಳಬಹುದು. ಆದೇಶವಾದ ಮೇಲೂ ಹಣ ಬಾರದಿದ್ದರೆ ಸುಮ್ಮನಿರಬೇಡಿ, ಬಾಕಿಯಾದ ಒಂದು ವರ್ಷದೊಳಗೆ ವಾರಂಟ್‌ಗೆ ಅರ್ಜಿ ಕೊಡಬೇಕು. ಉಚಿತ ಕಾನೂನು ನೆರವಿನ ಸಹಾಯವಾಣಿ 15100.